ಹನ್ನೊಂದು ಸೆಕೆಂಡು

ಮಾರ್ಚ್ 3, ಸೋಮವಾರ

ನನ್ನ ಕೆಲಸ ಏನೆಂದು ಅಮ್ಮನಿಗೆ ಇವತ್ತು ಮತ್ತೊಮ್ಮೆ ವಿವರಿಸಿದೆ. ನಮ್ಮಲ್ಲಿ ಸಿನಿಮಾ ತಯಾರಾಗುವುದಿಲ್ಲ, ಟ್ರೇಲರ್ ಮಾತ್ರ. ಸಿನಿಮಾ ಮೊದಲು ನನ್ನ ಮೇಜಿಗೆ ಬರುತ್ತದೆ. ನಾನು ಇಡೀ ಸಿನಿಮಾ ನೋಡಿ ಒಂದು ಪಟ್ಟಿ ಮಾಡುತ್ತೇನೆ: ಎಷ್ಟನೆಯ ನಿಮಿಷ, ಯಾವ ಷಾಟ್, ಯಾರ ಮಾತು. ಕೊನೆಯಲ್ಲಿ ಟಿಪ್ಪಣಿಗೆ ಒಂದು ಸಣ್ಣ ಕಾಲಂ. ಎಡಿಟರ್ ಆ ಪಟ್ಟಿ ನೋಡಿ ಬೇಕಾದದ್ದನ್ನು ಹೆಕ್ಕಿ ಎರಡು ನಿಮಿಷಕ್ಕೆ ಜೋಡಿಸುತ್ತಾರೆ. ಅವರಿಗೆ ಪೂರ್ತಿ ಸಿನಿಮಾ ನೋಡಲು ಪುರಸೊತ್ತಿಲ್ಲ, ತಿಂಗಳಿಗೆ ಆರೇಳು ಬರುತ್ತವೆ.

"ಕೂತ್ಕೊಂಡು ಸಿನಿಮಾ ನೋಡೋಕೆ ಸಂಬಳ ಕೊಡ್ತಾರಾ? ನನಗೂ ಒಂದು ಕೆಲಸ ಕೇಳೇ" ಎಂದಳು ಅಮ್ಮ. ಅವಳಿಗೆ ಟ್ರೇಲರ್ ಎಂದರೆ ಪ್ರಾಣ. ಸಂಜೆ ಬಟಾಣಿ ಸುಲಿಯುತ್ತ ಫೋನಿನಲ್ಲಿ ಒಂದಾದ ಮೇಲೊಂದು ನೋಡುತ್ತಾಳೆ. ಪ್ರತಿಯೊಂದು ಮುಗಿದಾಗಲೂ "ಆಯ್ತು, ಇದನ್ನೂ ನೋಡಿದ ಹಾಗಾಯ್ತು" ಎನ್ನುತ್ತಾಳೆ.

ಎಡಿಟರನ್ನು ಎಲ್ಲರೂ ಎದುರಿಗೆ ಸರ್ ಎನ್ನುತ್ತಾರೆ, ಹಿಂದಿನಿಂದ ಕತ್ತರಿ. ಸಿಗರೇಟು ಬಿಟ್ಟಾಗಿನಿಂದ ಸದಾ ಲವಂಗ ಅಗಿಯುತ್ತಾರೆ, ಅವರು ಬರುವ ಮೊದಲೇ ವಾಸನೆ ಬರುತ್ತದೆ. ನನ್ನನ್ನು ಟಿಪ್ಪಣಿ ಎಂದೇ ಕರೆಯುವುದು. ಮೂರು ತಿಂಗಳ ಪ್ರಯೋಗದ ಅವಧಿ ಈ ಮೂವತ್ತೊಂದಕ್ಕೆ ಮುಗಿಯುತ್ತದೆ. ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ಗೊತ್ತಿಲ್ಲ. ಮುಂದೇನು ಎಂದು ತಿಳಿಯದೆ ನನಗೆ ಇರಲಾಗುವುದಿಲ್ಲ. ಕಾದಂಬರಿ ಕೈಗೆ ಬಂದರೂ ಮೊದಲು ಓದುವುದು ಕೊನೆಯ ಪುಟವನ್ನೇ. ಯಾರು ಉಳಿದರು, ಯಾರು ಹೋದರು ಎಂದು ಗೊತ್ತಾದ ಮೇಲೆ ಮೊದಲ ಪುಟ. ಎಂ.ಎ. ಪೂರ್ತಿ ಹೀಗೇ ಓದಿದ್ದು. ಯಾರಿಗೂ ಹೇಳಿಲ್ಲ.

ಇವತ್ತಿನ ಸಿನಿಮಾವನ್ನು ಮಾತ್ರ ಹಾಗೆ ನೋಡಲಾಗಲಿಲ್ಲ. ಬ್ರೆಡ್ ಕಾರ್ಖಾನೆಯೊಂದು ಸುಟ್ಟುಹೋಗಿದೆ. ಕಾವಲುಗಾರ ನಾನೇ ಹಚ್ಚಿದೆ ಎಂದು ಒಪ್ಪಿಕೊಂಡು ಆರು ವರ್ಷ ಜೈಲಿನಲ್ಲಿದ್ದು ಮನೆಗೆ ಬರುತ್ತಾನೆ. ಯಾಕೆ ಹಚ್ಚಿದ ಎಂದು ಯಾರು ಕೇಳಿದರೂ ಬಾಯಿ ಬಿಡುವುದಿಲ್ಲ. ನೋಡುವ ನಾವೂ ಅದನ್ನೇ ಕೇಳುತ್ತ ಕೂತಿರುತ್ತೇವೆ. ಒಂದು ಗಂಟೆ ನಲವತ್ತೊಂದನೆಯ ನಿಮಿಷಕ್ಕೆ ಮನೆಯಲ್ಲಿ ಕರೆಂಟು ಹೋಗುತ್ತದೆ. ಹೆಂಡತಿ "ಬೆಂಕಿಪೊಟ್ಟಣ ಕೊಡಿ" ಎಂದು ಕೈ ಚಾಚುತ್ತಾಳೆ. ಅವನು ಜೇಬಿನಿಂದ ತೆಗೆದವನು ಕೊಡುವುದಿಲ್ಲ. ಅವಳ ಕೈಯನ್ನೇ ನೋಡುತ್ತಾನೆ. ಆಮೇಲೆ ತಾನೇ ಕಡ್ಡಿ ಗೀರುತ್ತಾನೆ. ಹನ್ನೊಂದು ಸೆಕೆಂಡು, ಒಂದು ಮಾತಿಲ್ಲ. ಹಚ್ಚಿದವಳು ಅವಳು, ಇವನಿಗೆ ಅದು ಮೊದಲಿನಿಂದ ಗೊತ್ತು, ಅವಳ ಕೈಗೆ ಬೆಂಕಿ ಕೊಡಲು ಇವನಿಗೆ ಇಂದಿಗೂ ಭಯ.

ನಾನು ಅತ್ತುಬಿಟ್ಟೆ. ಟಿಪ್ಪಣಿ ಕಾಲಂನಲ್ಲಿ ಸಾಮಾನ್ಯವಾಗಿ ‘ಜಗಳ’, ‘ಅಳು’, ‘ಬಸ್ಸು’ ಎಂದಷ್ಟೇ ಬರೆಯುವುದು. ಈ ಷಾಟಿಗೆ ಆರು ಸಾಲು ಬರೆದೆ. ಚೆನ್ನಾಗಿ ಬಂತು. ಕಾಲೇಜು ಬಿಟ್ಟ ಮೇಲೆ ಏನನ್ನಾದರೂ ಇಷ್ಟು ಚೆನ್ನಾಗಿ ಬರೆದದ್ದು ಇದೇ ಮೊದಲು.

"ಹೇಗಿದೆಯಮ್ಮಾ ಟಿಪ್ಪಣಿ?" ಎಂದರು ಸರ್.

"ಚೆನ್ನಾಗಿದೆ ಸರ್."

ಅಷ್ಟೇ. ಹೇಳಬೇಕಾಗಿದ್ದದ್ದು: ಇದನ್ನು ನೀವು ಪೂರ್ತಿ ಕೂತು ನೋಡಬೇಕು ಸರ್, ಪಟ್ಟಿಯಲ್ಲಿ ಓದುವ ಸಿನಿಮಾ ಅಲ್ಲ ಇದು. ಬಾಯಿಂದ ಬಂದದ್ದು ಚೆನ್ನಾಗಿದೆ ಸರ್.

ಮಾರ್ಚ್ 6, ಗುರುವಾರ



ಸರ್ ಕರೆದು ಟ್ರೇಲರ್ ತೋರಿಸಿದರು. ಜೈಲಿನ ಬಾಗಿಲು, ಮುಖ ತಿರುಗಿಸುವ ನೆರೆಯವರು, ಉರಿಯುವ ಕಾರ್ಖಾನೆ. ಸಂಗೀತ ನಿಂತಿತು. ಪರದೆ ಕಪ್ಪಾಯಿತು. "ಬೆಂಕಿಪೊಟ್ಟಣ ಕೊಡಿ." ಚಾಚಿದ ಕೈ. ಕೊಡದ ಕೈ. ಸಿನಿಮಾದ ಹೆಸರು.

"ಹೆಂಗೆ?" ಎಂದರು, ಕನ್ನಡಕ ಹಣೆಗೇರಿಸಿಕೊಂಡು. "ನಿನ್ನ ಆರು ಸಾಲು ಓದಿದೆ ನೋಡು, ಮೈ ಜುಂ ಅಂತು. ಪಟ್ಟಿಯ ಮಿಕ್ಕಿದ್ದೆಲ್ಲ ಪಕ್ಕಕ್ಕಿಟ್ಟು ನೇರ ಅಲ್ಲಿಗೇ ಹೋದೆ. ಇದು ನಿನ್ನ ಟ್ರೇಲರ್ ಕಣಮ್ಮ."

ನಾನು ನಕ್ಕೆ. ದೇವರೇ, ನಕ್ಕೆ.

ಹೇಳಬೇಕಾಗಿದ್ದದ್ದು: ಸರ್, ಅದು ಕೊನೆ. ಅದನ್ನು ತೋರಿಸಿದರೆ ಮಿಕ್ಕ ಎರಡು ಗಂಟೆಯಲ್ಲಿ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಬರೆಯದೆ ಇದ್ದಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ‘ಕರೆಂಟು ಹೋಗುತ್ತದೆ’ ಎಂದಷ್ಟೇ ಬರೆದಿದ್ದರೂ ಸಾಕಿತ್ತು.

ಮಾರ್ಚ್ 7, ಶುಕ್ರವಾರ

ಇಡೀ ದಿನ ಒಂದೇ ಯೋಚನೆ: ನನಗೆ ಕಥೆ ಗೊತ್ತು, ಅದಕ್ಕೇ ನನಗೆ ಹಾಗನ್ನಿಸುತ್ತಿದೆ, ಗೊತ್ತಿಲ್ಲದವರಿಗೆ ಅದು ಬರೀ ಬೆಂಕಿಪೊಟ್ಟಣ.

ಸೇರಿದ ದಿನ ಒಂದು ಕಾಗದಕ್ಕೆ ಸಹಿ ಹಾಕಿದ್ದೇನೆ. ಇಲ್ಲಿ ನೋಡಿದ್ದನ್ನು ಹೊರಗೆ ಯಾರಿಗೂ ಹೇಳುವಂತಿಲ್ಲ, ಹೇಳಿದರೆ ಆ ದಿನವೇ ಮನೆಗೆ. ಆದರೂ ಸಂಜೆ ಅಮ್ಮನ ಎದುರು ಕೂತು ಟ್ರೇಲರಿನ ಷಾಟುಗಳನ್ನು ಅದೇ ಕ್ರಮದಲ್ಲಿ ಹೇಳಿದೆ. ಕಥೆ ಹೇಳಲಿಲ್ಲ. ಜೈಲು, ನೆರೆಯವರು, ಬೆಂಕಿ, ಕೈ.

ಅಮ್ಮ ತಲೆ ಎತ್ತಲೂ ಇಲ್ಲ. "ಓ, ಹಂಗಾದ್ರೆ ಹಚ್ಚಿದ್ದು ಹೆಂಡ್ತಿ. ಪಾಪ, ಗಂಡ ತನ್ನ ಮೇಲೆ ಹಾಕ್ಕೊಂಡ." ಬಟಾಣಿಯೊಂದು ನೆಲಕ್ಕೆ ಬಿತ್ತು, ಎತ್ತಿಕೊಂಡಳು. "ಆಯ್ತು, ಇದನ್ನೂ ನೋಡಿದ ಹಾಗಾಯ್ತು."

ಮಾರ್ಚ್ 10, ಸೋಮವಾರ

ಬೆಳಿಗ್ಗೆ ಬಸ್ಸಿನಲ್ಲಿ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಹೋದೆ. "ಸರ್, ಕೊನೆಯ ಷಾಟಿನ ಬಗ್ಗೆ ಒಂದು ಮಾತು." ಅವರು ಕಾಫಿ ಯಂತ್ರದ ಹತ್ತಿರ ಸಿಕ್ಕರು. "ಸರ್" ಎಂದೆ. "ಏನಮ್ಮಾ?" ಎಂದರು. "ಸಕ್ಕರೆ ಮುಗಿದಿದೆ ಸರ್" ಎಂದೆ.

ಮಧ್ಯಾಹ್ನ ಇನ್ನೊಮ್ಮೆ ಪ್ರಯತ್ನಿಸಿದೆ, ಸುತ್ತಿ ಬಳಸಿ. ಟ್ರೇಲರಿನಲ್ಲಿ ಎಷ್ಟು ಕಥೆ ಹೇಳಬಹುದು ಸರ್, ಎಂದು ಕೇಳಿದೆ, ಏನೋ ಪರೀಕ್ಷೆಗೆ ಓದುವವಳ ಹಾಗೆ.

ಅವರು ಲವಂಗ ಬಾಯಿಗೆ ಹಾಕಿಕೊಂಡು ಕುರ್ಚಿ ತಿರುಗಿಸಿದರು. "ನಾನೂ ನಿನ್ನ ವಯಸ್ಸಲ್ಲಿ ಬಚ್ಚಿಡೋ ಹುಚ್ಚಿನವನೇ. ಒಂದು ಸಿನಿಮಾಗೆ ಏನೂ ತೋರಿಸದೆ ಟ್ರೇಲರ್ ಮಾಡಿದೆ. ಬರೀ ಮಂಜು, ಒಂದು ಸೈಕಲ್ಲು, ಒಂದು ಗಂಟೆ ಸದ್ದು. ಎಲ್ಲರೂ ಆಹಾ ಅಂದ್ರು. ಮೊದಲ ದಿನ ಥಿಯೇಟರಲ್ಲಿ ಎಷ್ಟು ಜನ ಗೊತ್ತಾ? ನಾನು, ನಿರ್ದೇಶಕ, ಟಾರ್ಚು ಹಿಡಿಯೋನು. ಆ ನಿರ್ದೇಶಕ ಇವತ್ತಿಗೂ ನನ್ನ ಕಂಡ್ರೆ ರಸ್ತೆ ದಾಟ್ತಾನೆ. ಜನಕ್ಕೆ ಏನು ಸಿಗುತ್ತೆ ಅಂತ ಗೊತ್ತಾಗ್ಬೇಕಮ್ಮ. ಗೊತ್ತಿಲ್ಲದ ಬಾಗಿಲು ಯಾರೂ ತಟ್ಟಲ್ಲ."

ಕೊನೆಯ ಪುಟ ಮೊದಲು ಓದುವವಳು ನಾನು, ನಾನೇನು ಹೇಳಲಿ?

ನಿರ್ಮಾಪಕರಿಗೆ ಟ್ರೇಲರ್ ಹೋಗಿದೆ. ಶುಕ್ರವಾರ ಸಂಜೆ ಐದಕ್ಕೆ ಬಿಡುಗಡೆ.

ಮಾರ್ಚ್ 11, ಮಂಗಳವಾರ

ನಿರ್ಮಾಪಕರ ಫೋನು. ಬೆಂಕಿಪೊಟ್ಟಣ ತುಂಬಾ ಇಷ್ಟವಾಯಿತಂತೆ. ಇನ್ನೆರಡು ಸೆಕೆಂಡು ಹೆಚ್ಚಿಗೆ ಇಡಿ ಎಂದರಂತೆ.

ಮಾರ್ಚ್ 12, ಬುಧವಾರ

ಇವತ್ತು ನಿರ್ದೇಶಕಿ ಬಂದರು. ನಲವತ್ತು ದಾಟಿರಬಹುದು, ಇದು ಅವರ ಮೊದಲ ಸಿನಿಮಾ. ಕೈಯಲ್ಲಿ ಹಳೆಯ ಫ್ಲಾಸ್ಕು, ತಮ್ಮ ಟೀ ತಾವೇ ತಂದಿದ್ದರು. ನನಗೂ ಮುಚ್ಚಳದಲ್ಲಿ ಬಗ್ಗಿಸಿ ಕೊಟ್ಟರು. ನಾನು ಇವರ ಟೀ ಕುಡಿಯುತ್ತ ಕೂತೆ, ಟ್ರೇಲರಿನೊಳಗೆ ಏನಿದೆ ಎಂದು ಗೊತ್ತಿದ್ದೂ.

ಸರ್ ಟ್ರೇಲರ್ ಹಾಕಿ ತೋರಿಸಿದರು. ನಿರ್ದೇಶಕಿ ಪರದೆಯ ಕಡೆಯಿಂದ ಕಣ್ಣು ತೆಗೆಯದೆ ಕೇಳಿದರು: "ಇನ್ನೊಂದು ಸಲ ಹಾಕ್ತೀರಾ?"

ಹಾಕಿದರು.

"ಇದು ಬೇಡ" ಎಂದರು. ದನಿ ಎತ್ತಲಿಲ್ಲ. "ಕೊನೇದು ಬೇಡ. ಒಂಬತ್ತು ವರ್ಷ ಇದನ್ನ ಯಾರಿಗೂ ಹೇಳಿಲ್ಲ ನಾನು. ಹೆಂಡ್ತಿ ಪಾತ್ರ ಮಾಡಿದವರಿಗೂ ಚಿತ್ರೀಕರಣದ ಕೊನೇ ವಾರದವರೆಗೆ ಹೇಳಿರ್ಲಿಲ್ಲ. ತಾನೇನು ಮಾಡಿದ್ದೀನಿ ಅಂತ ಗೊತ್ತಿಲ್ಲದೇನೇ ಅವರು ನಟಿಸಿದ್ದು. ಇದನ್ನ ವಿವರಿಸೋ ದೃಶ್ಯ ಬೇರೆ ನಾಲ್ಕಿತ್ತು, ನಾಲ್ಕೂ ತೆಗೆದುಹಾಕಿದೆ, ಈ ಒಂದು ಹೇಳ್ಲಿ ಅಂತ."

"ಮೇಡಂ, ನಿರ್ಮಾಪಕರು ಒಪ್ಪಿ ಆಗಿದೆ. ಒಪ್ಪಂದದಲ್ಲಿ ಟ್ರೇಲರ್ ಅವರದ್ದೇ" ಎಂದರು ಸರ್.

"ಗೊತ್ತು. ಓದಿಯೇ ಸಹಿ ಹಾಕಿದ್ದು." ನಮ್ಮಿಬ್ಬರ ಕಡೆ ತಿರುಗಿ, "ಇದನ್ನ ಆರಿಸಿದ್ದು ಯಾರು?"

ನನ್ನ ಕೈಯಲ್ಲಿ ಮುಚ್ಚಳವಿತ್ತು. ಟೀ ಆರಿತ್ತು. ಸರ್ ನನ್ನ ಕಡೆ ನೋಡಲೇ ಇಲ್ಲ. "ನಾನೇ" ಎಂದರು.

ನಿರ್ದೇಶಕಿ ಫ್ಲಾಸ್ಕು ಎತ್ತಿಕೊಂಡು ಹೊರಟುಹೋದರು. ಮುಚ್ಚಳ ನನ್ನಲ್ಲೇ ಉಳಿಯಿತು. ಈಗಲೂ ಈ ಮೇಜಿನ ಮೇಲಿದೆ. ನನ್ನನ್ನೇ ನೋಡುತ್ತಿದೆ ಅನ್ನಿಸುತ್ತದೆ.

ಮಾರ್ಚ್ 13, ಗುರುವಾರ

ಆಫೀಸಿನ ಫೋನ್ ಪುಸ್ತಕದಲ್ಲಿ ನಿರ್ದೇಶಕಿಯ ನಂಬರಿತ್ತು. ಮುಚ್ಚಳ ಕೊಡಬೇಕಿತ್ತು ಎಂದು ಫೋನು ಮಾಡಿದೆ. ನಮ್ಮ ಕಟ್ಟಡದ ಮೆಟ್ಟಿಲ ಬಳಿ ಬಂದರು. ಮುಚ್ಚಳ ಕೊಟ್ಟೆ. ಅವರು ತಿರುಗಿದಾಗ ಹೇಳಿದೆ:

"ಅದನ್ನ ಆರಿಸಿದ್ದು ಸರ್ ಅಲ್ಲ. ನಾನು ಬರೆದದ್ದನ್ನ ಓದಿ ಅವರು ಆ ಷಾಟಿಗೆ ಹೋದರು."

ಅವರು ಎರಡು ಮೆಟ್ಟಿಲು ಕೆಳಗೆ ನಿಂತಿದ್ದರು. "ಏನು ಬರೆದಿದ್ರಿ?"

ಹಾಳೆ ಚೀಲದಲ್ಲಿತ್ತು. ಕೊಟ್ಟೆ. ನಿಧಾನವಾಗಿ ಓದಿದರು. ಬಯ್ಯುತ್ತಾರೆ ಎಂದುಕೊಂಡೆ, ಬಯ್ದಿದ್ದರೆ ಹಗುರಾಗುತ್ತಿತ್ತು.

"ಇಷ್ಟು ಚೆನ್ನಾಗಿ ಬರೀಬಾರದಿತ್ತು ನೀವು" ಎಂದರು. ಹಾಳೆ ಮಡಚಿ ವಾಪಸು ಕೊಟ್ಟರು. "ಇಪ್ಪತ್ತೆರಡನೇ ನಿಮಿಷಕ್ಕೆ ಏನು ಬರೆದಿದ್ದೀರಿ?"

ನೋಡಿದೆ. ‘ಬಾಗಿಲು’ ಎಂದಷ್ಟೇ ಇತ್ತು.

"ಹೌದಾ" ಎಂದು ಹೊರಟರು.

ಮೇಲೆ ಹೋಗಿ ಇಪ್ಪತ್ತೆರಡನೆಯ ನಿಮಿಷ ಹಾಕಿದೆ. ಗಂಡ ಜೈಲಿನಿಂದ ಬಂದು ಬಾಗಿಲು ತಟ್ಟುತ್ತಾನೆ. ಒಳಗೆ ಹೆಂಡತಿಯ ಕೈ ಚಿಲಕದ ಮೇಲಿದೆ. ಮತ್ತೆ ತಟ್ಟುತ್ತಾನೆ. ಕೈ ಚಿಲಕದ ಮೇಲೆಯೇ ಇದೆ, ಎಳೆಯುವುದಿಲ್ಲ. ಒಂಬತ್ತು ಸೆಕೆಂಡು. ಮೊದಲ ಸಲ ನೋಡಿದಾಗ ಇವಳಿಗೆ ಗಂಡನ ಮೇಲೆ ಸಿಟ್ಟು ಎಂದುಕೊಂಡು ಮುಂದೆ ಹೋಗಿದ್ದೆ. ಈಗ ನೋಡಿದರೆ ಅದೇ ಕೈ.

ಸರ್ ಕೋಣೆಯ ಬಾಗಿಲು ತೆರೆದೇ ಇತ್ತು. ಹೋಗಿ ನಿಂತೆ.

"ಸಕ್ಕರೆ ಮತ್ತೆ ಮುಗೀತಾ?"

"ಇಲ್ಲ ಸರ್. ಬೆಂಕಿಪೊಟ್ಟಣ ತೆಗೀಬೇಕು."

ಅವರು ಕನ್ನಡಕ ತೆಗೆದರು. "ಬರೆದವಳೂ ನೀನೇ, ಈಗ ಬೇಡ ಅನ್ನೋಳೂ ನೀನೇನಾ? ನಾಳೆ ಐದು ಗಂಟೆಗೆ ಬಿಡುಗಡೆ. ಆ ಜಾಗದಲ್ಲಿ ಏನು ಇಡಲಿ, ನನ್ನ ತಲೇನಾ?"

"ಬಾಗಿಲು ಸರ್."

ಬೆಳಗಿನಿಂದ ಅವರು ಇನ್ನೊಂದು ಟ್ರೇಲರ್ ಜೋಡಿಸುತ್ತ ಕೂತಿದ್ದರು. ಕಣ್ಣು ಕೆಂಪಾಗಿತ್ತು. ಆದರೂ ಹಾಕಿ ನೋಡಿದರು. ಇನ್ನೊಮ್ಮೆ ನೋಡಿದರು. ಲವಂಗ ಅಗಿಯುವುದು ನಿಂತಿತ್ತು.

"ಜೋಡಿಸಿ ಇಡ್ತೀನಿ. ಆದ್ರೆ ನಿರ್ಮಾಪಕರ ಹತ್ರ ನಾನು ಮಾತಾಡಲ್ಲ. ನಾನು ಒಂದು ಸಲ ಬಚ್ಚಿಟ್ಟು ಅನುಭವಿಸಿದ್ದೀನಿ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅವರ ಫೋನು ಬರುತ್ತೆ. ನೀನೇ ಹೇಳು."

ಊಟ ಸೇರಲಿಲ್ಲ.

ಮಾರ್ಚ್ 14, ಶುಕ್ರವಾರ

ಹನ್ನೊಂದಕ್ಕೆ ಬರಲಿಲ್ಲ. ಹನ್ನೆರಡಕ್ಕೂ ಇಲ್ಲ. ಒಂದೂಕಾಲಿಗೆ ಬಂತು. ಸರ್ ಸ್ಪೀಕರಿಗೆ ಹಾಕಿ ಫೋನನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು. ನಿರ್ಮಾಪಕರು ಕಾರಿನಲ್ಲಿದ್ದರು, ಹಾರ್ನ್ ಸದ್ದು ಕೇಳಿಸುತ್ತಿತ್ತು.

"ಎರಡು ಟ್ರೇಲರ್ ಕಳಿಸಿದ್ದೀರಲ್ಲ, ಯಾಕೆ? ಈ ಬಾಗಿಲಿಂದು ಏನಿದು? ಸಪ್ಪೆ. ಬೆಂಕಿಪೊಟ್ಟಣಾನೇ ಇರಲಿ."

"ಸರ್, ಅದನ್ನು ತೋರಿಸಿದರೆ ಕಥೆ ಗೊತ್ತಾಗಿಬಿಡುತ್ತೆ" ಎಂದೆ.

"ಯಾರಿದು ಮಾತಾಡ್ತಿರೋದು?"

"ಪಟ್ಟಿ ಮಾಡೋಳು ಸರ್."

"ಅಮ್ಮಾ, ಹತ್ತು ಸೆಕೆಂಡಿನ ಷಾಟು ಅದು. ಒಂದು ಕೈ, ಒಂದು ಪೊಟ್ಟಣ. ಯಾರಿಗೂ ಏನೂ ಅರ್ಥ ಆಗಲ್ಲ."

"ನಮ್ಮಮ್ಮನಿಗೆ ಆಯ್ತು ಸರ್."

ಸರ್ ತಲೆ ಎತ್ತಿದರು. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಕಾಗದ ನೆನಪಾಯಿತು. ಇಲ್ಲ, ಸುಳ್ಳು. ಮೊದಲೇ ನೆನಪಿತ್ತು.

"ನಿಮ್ಮಮ್ಮನಿಗೆ ತೋರಿಸಿದ್ದೀಯಾ?" ದನಿ ಬದಲಾಗಿತ್ತು.

"ತೋರಿಸಿಲ್ಲ ಸರ್. ಬಾಯಲ್ಲಿ ಹೇಳಿದೆ, ಕಥೆ ಬಿಟ್ಟು ಬರೀ ಷಾಟುಗಳನ್ನ. ತಪ್ಪು ನಂದು. ಅವಳು ತಲೆ ಎತ್ತದೆ ಹೇಳಿದಳು, ಹಚ್ಚಿದ್ದು ಹೆಂಡ್ತಿ ಅಂತ."

"ಇದಕ್ಕೆ ಆಮೇಲೆ ಬರ್ತೀನಿ ನಾನು" ಎಂದರು, ನನಗಲ್ಲ, ಸರ್‌ಗೆ.

ನಿಲ್ಲಿಸಬಹುದಿತ್ತು. ಆದರೂ ಕೇಳಿದೆ: "ಸರ್, ನಿಮ್ಮ ಮನೆಯವರಿಗೆ ಕಥೆ ಗೊತ್ತಾ?"

"ಇಲ್ಲ." ಸಿಟ್ಟಿನಲ್ಲೇ ಹೇಳಿದರು. "ಎರಡು ವರ್ಷದಿಂದ ಪ್ರಾಣ ತಿಂತಿದ್ದಾಳೆ, ಯಾಕೆ ಹಚ್ಚಿದ ಹೇಳಿ, ಯಾಕೆ ಹಚ್ಚಿದ ಹೇಳಿ ಅಂತ. ಮೊದಲ ದಿನ ಥಿಯೇಟರಲ್ಲೇ ನೋಡ್ಕೋ ಅಂದಿದ್ದೀನಿ. ಅದಕ್ಕೇನೀಗ?"

"ಹಾಗಾದರೆ ಇವತ್ತು ಸಂಜೆ ಐದು ಗಂಟೆಗೆ ಅವರಿಗೆ ಗೊತ್ತಾಗುತ್ತೆ ಸರ್. ಫೋನಲ್ಲಿ."

ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಎಷ್ಟು ಹೊತ್ತೋ. ಹನ್ನೊಂದು ಸೆಕೆಂಡು ಎಂದು ಬರೆಯಲು ಕೈ ಹೋಗುತ್ತದೆ, ಆದರೆ ನಾನು ಎಣಿಸಲಿಲ್ಲ.

"ಸೋತರೆ?" ಎಂದರು.

"ಗೊತ್ತಿಲ್ಲ ಸರ್" ಎಂದೆ.

"ಬಾಗಿಲೇ ಹಾಕಿ" ಎಂದು ಫೋನಿಟ್ಟರು.

ಸರ್ ಬಹಳ ಹೊತ್ತು ಲವಂಗದ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. "ಕಾಗದಕ್ಕೆ ಸಹಿ ಹಾಕಿಸಿದ್ದು ನಾನು" ಎಂದರು. "ಅದನ್ನ ನೋಡದ ಹಾಗಿರೋಕೆ ನನ್ನಿಂದ ಆಗಲ್ಲಮ್ಮ. ಮೂವತ್ತೊಂದರವರೆಗೆ ಬಾ. ಅವತ್ತು ನೋಡೋಣ."

ಐದೂ ಹತ್ತಕ್ಕೆ ಬಸ್ಸಿನಲ್ಲಿದ್ದೆ. ಮನೆಗೆ ಬಂದಾಗ ಅಮ್ಮ ಆಗಲೇ ನೋಡಿದ್ದಳು.

"ಇದು ನೀನು ಹೇಳಿದ ಸಿನಿಮಾನೇ ಅಲ್ವಾ? ಬೆಂಕಿಪೊಟ್ಟಣ ಎಲ್ಲೇ?"

"ತೆಗೆದೆ."

"ಈ ಚಿಲಕದ ಮೇಲೆ ಕೈ ಇಟ್ಕೊಂಡು ನಿಂತವಳೆ, ತೆಗೀತಾಳೋ ಇಲ್ವೋ ಹೇಳೇ."

"ಅಮ್ಮಾ, ನಿನಗೆ ಕಥೆ ಗೊತ್ತಲ್ಲ."

"ಬೆಂಕಿದು ಗೊತ್ತು. ಬಾಗಿಲಿದು ಗೊತ್ತಿಲ್ವಲ್ಲ."

ಮಾರ್ಚ್ 19, ಬುಧವಾರ

ಟ್ರೇಲರಿನ ಕೆಳಗೆ ಜನ ಬರೆದದ್ದನ್ನು ಓದುತ್ತಿದ್ದೇನೆ. ‘ಇದೇನು ಬಾಗಿಲಿನ ಜಾಹೀರಾತಾ?’ ‘ಒಂದೂ ಅರ್ಥ ಆಗಲಿಲ್ಲ.’ ‘ತೆಗಿಯಮ್ಮಾ ತಾಯಿ, ಪಾಪ ನಿಂತವ್ನೆ.’ ನೋಡಿದವರು ಕಡಿಮೆ. ನಿರ್ಮಾಪಕರು ದಿನಕ್ಕೆರಡು ಸಲ ಫೋನು ಮಾಡುತ್ತಾರೆ, ಸರ್ ಎದ್ದು ಹೊರಗೆ ಹೋಗಿ ಮಾತಾಡುತ್ತಾರೆ. ಯಾರೂ ನನಗೆ ಏನೂ ಹೇಳುವುದಿಲ್ಲ.

ಹೊಸ ಸಿನಿಮಾ ಬಂದಿದೆ. ನಾಯಿಯದ್ದು. ಟಿಪ್ಪಣಿ ಕಾಲಂನಲ್ಲಿ ‘ನಾಯಿ’, ‘ನಾಯಿ’, ‘ಮತ್ತೆ ನಾಯಿ’. ನಾಯಿ ಕೊನೆಯಲ್ಲಿ ಏನು ಮಾಡುತ್ತದೆ ಎನ್ನುವ ಕಡೆ ಖಾಲಿ ಬಿಟ್ಟು, ‘ಇದನ್ನು ದಯವಿಟ್ಟು ನೀವೇ ನೋಡಿ ಸರ್’ ಎಂದು ಬರೆದೆ.

"ಎಷ್ಟು ನಿಮಿಷ ಆಗುತ್ತೆ ಇದು?" ಎಂದು ಗೊಣಗಿದರು. ಆದರೆ ನೋಡಿದರು. ಬಾಗಿಲು ಹಾಕಿಕೊಂಡು ನೋಡಿದರು.

ಮಾರ್ಚ್ 28, ಶುಕ್ರವಾರ

ಸಿನಿಮಾ ಬಿಡುಗಡೆ. ಬೆಳಗಿನ ಆಟಕ್ಕೆ ಇಪ್ಪತ್ತೊಂದು ಜನರಂತೆ.

ಮಾರ್ಚ್ 30, ಭಾನುವಾರ

ಅಮ್ಮನನ್ನು ಕರೆದುಕೊಂಡು ಮಧ್ಯಾಹ್ನದ ಆಟಕ್ಕೆ ಹೋದೆ. ಒಳಗೆ ಒಂದು ಮಾತಾಡಿದರೂ ಎಬ್ಬಿಸಿಕೊಂಡು ಬರುತ್ತೇನೆ ಎಂದು ಹೇಳಿಯೇ ಕರೆದುಕೊಂಡು ಹೋದದ್ದು. "ನನ್ನ ಬಾಯಿಗೂ ಒಂದು ಕಾಗದ ಬರೆಸ್ಕೊಳ್ಳೇ" ಎಂದಳು.

ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿತ್ತು. ಹಿಂದಿನ ಗೋಡೆಗೆ ಒರಗಿಕೊಂಡು ಒಬ್ಬರು ನಿಂತಿದ್ದರು, ಕೈಯಲ್ಲಿ ಫ್ಲಾಸ್ಕು. ಕೂರಲು ಜಾಗವಿದ್ದರೂ ನಿಂತೇ ಇದ್ದರು.

ಒಂದು ಗಂಟೆ ನಲವತ್ತೊಂದನೆಯ ನಿಮಿಷ ಹತ್ತಿರವಾದಂತೆ ನನಗೆ ಪರದೆ ನೋಡಲಾಗಲಿಲ್ಲ. ಹೊರಳಿ ಜನರನ್ನು ನೋಡಿದೆ. ಒಬ್ಬ ಕೆಮ್ಮಿದ. ಎರಡನೆಯ ಸಾಲಿನಲ್ಲಿ ಯಾರೋ ತಿಂಡಿಯ ಪೊಟ್ಟಣ ಬಿಚ್ಚುತ್ತಿದ್ದರು. ಪರದೆಯ ಮೇಲೆ ಕರೆಂಟು ಹೋಯಿತು, ಥಿಯೇಟರೂ ಕತ್ತಲಾಯಿತು. "ಬೆಂಕಿಪೊಟ್ಟಣ ಕೊಡಿ." ಪೊಟ್ಟಣ ಬಿಚ್ಚುವ ಸದ್ದು ನಿಂತಿತು. ನಾನು ಎಣಿಸತೊಡಗಿದೆ. ನಾಲ್ಕು. ಐದು. ಏನೂ ಇಲ್ಲ. ಯಾರಿಗೂ ತಿಳಿಯಲಿಲ್ಲ, ಬಚ್ಚಿಟ್ಟದ್ದೇ ತಪ್ಪಾಯಿತು. ಏಳು. ಎಂಟು. ಕಡ್ಡಿ ಗೀರಿದ ಸದ್ದು. ಆ ಬೆಳಕು ಎಲ್ಲರ ಮುಖದ ಮೇಲೆ ಬಿತ್ತು.

ನನ್ನ ಮುಂದಿನ ಸಾಲಿನ ಅಜ್ಜ ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ, "ಅಯ್ಯೋ... ಇವಳಾ?" ಎಂದರು.

ಪಕ್ಕದ ಅಜ್ಜಿ ಅವರ ತೋಳು ಹಿಡಿದುಕೊಂಡರು. ಆಮೇಲೆ ಆ ಮಾತು ಸಾಲಿನಿಂದ ಸಾಲಿಗೆ ಹೋಯಿತು, ಮಾತಾಗಿ ಅಲ್ಲ, ಉಸಿರಾಗಿ. ಹಿಂತಿರುಗಿ ನೋಡಿದೆ. ನಿರ್ದೇಶಕಿ ಗೋಡೆಯಿಂದ ಜಾರಿ ಮೆಟ್ಟಿಲ ಮೇಲೆ ಕೂತಿದ್ದರು.

ಅಮ್ಮ ಕೊಟ್ಟ ಮಾತಿನಂತೆ ಬಾಯಿ ಬಿಡಲಿಲ್ಲ. ಮುಗಿದು ದೀಪ ಬಂದ ಮೇಲೆ ಹೇಳಿದಳು: "ನಾನು ಇಡೀ ಸಿನಿಮಾ ಅವಳನ್ನೇ ನೋಡ್ತಿದ್ದೆ ಕಣೇ, ಎಲ್ಲಿ ಸಿಕ್ಕಿಬೀಳ್ತಾಳೆ ಅಂತ. ಎಲ್ಲೂ ಇಲ್ಲ. ಅವಳಿಗೇ ಗೊತ್ತಿಲ್ಲವೇನೋ ಅನ್ನೋ ಹಾಗಿದ್ದಾಳೆ." ಕಣ್ಣೊರೆಸಿಕೊಂಡಳು. "ಆ ಅಜ್ಜನ ಥರ ನಾನೂ ಒಂದ್ಸಲ ಅಯ್ಯೋ ಅನ್ನಬೇಕಿತ್ತು."

ನಾನು ಅವಳ ಕೈ ಹಿಡಿದುಕೊಂಡೆ. ಅವಳಿಂದ ಅದನ್ನು ಕಿತ್ತುಕೊಂಡವಳು ನಾನೇ. ಅದನ್ನು ವಾಪಸು ಕೊಡಲಾಗುವುದಿಲ್ಲ.

ಹೊರಗೆ ಮುಂದಿನ ಆಟಕ್ಕೆ ಸಾಲು ನಿಂತಿತ್ತು, ಬಹಳ ಉದ್ದವೇನಲ್ಲ. ಒಬ್ಬ ಹೆಂಗಸು ನನ್ನನ್ನು ತಡೆದು ಕೇಳಿದಳು: "ಹೇಗಿದೆ? ಆ ಬಾಗಿಲು ತೆಗೀತಾಳಾ?"

ಅಮ್ಮ ಬಾಯಿ ತೆರೆದಳು. ಅವಳ ಕೈ ಒತ್ತಿದೆ.

"ಚೆನ್ನಾಗಿದೆ" ಎಂದೆ.

ನಾಳೆ ಮೂವತ್ತೊಂದು. ಶುಕ್ರವಾರ ಸರ್ ನನ್ನ ಮೇಜಿನ ಮೇಲೆ ಏನೂ ಇಟ್ಟಿರಲಿಲ್ಲ, ಹೊಸ ಸಿನಿಮಾವನ್ನೂ ಇಲ್ಲ, ಕೆಲಸ ಬಿಡಿಸುವ ಕಾಗದವನ್ನೂ ಇಲ್ಲ. "ಏನು ಮಾಡ್ತಾರಂತೆ?" ಎಂದು ಅಮ್ಮ ಮೂರು ಸಲ ಕೇಳಿದಳು. ಹತ್ತು ಗಂಟೆಗೆ ತಿಳಿಯುತ್ತದಲ್ಲ ಎಂದೆ.

ಗ್ರಂಥಾಲಯದಿಂದ ದಪ್ಪ ಕಾದಂಬರಿಯೊಂದನ್ನು ತಂದಿದ್ದೇನೆ. ನದಿ ದಾಟಿ ಓಡಿಹೋಗುವ ಇಬ್ಬರು ಅಕ್ಕತಂಗಿಯರ ಕಥೆ. ನೂರ ಮೂವತ್ತನೆಯ ಪುಟದಲ್ಲಿದ್ದೇನೆ. ಇಬ್ಬರೂ ದಡಕ್ಕೆ ಬಂದು ಕಾಯುತ್ತಿದ್ದಾರೆ. ದೋಣಿ ಇನ್ನೂ ಬಂದಿಲ್ಲ.